ನೇತ್ರಾಣಿಗೆ ಹೋಗುವ ಮುನ್ನ ನಾವು ಓದಿಕೊಂಡ ಇತಿಹಾಸ

ನಾವು ಹಾವೇರಿ ಕಡೆಯವರು. ಕೆರೆ, ಬಾವಿ, ವರದಾ ನದಿಯ ಮಡು ಬಿಟ್ಟರೆ ನಮಗೆ ನೀರೆಂದರೆ ಬೋರ್‌ವೆಲ್ಲೇ. ಅಂಥ ನಾವು ನಾಲ್ಕು ಮಂದಿ ಸಮುದ್ರದ ತಳ ನೋಡಿಬರೋಣ ಅಂತ ಹೊರಟದ್ದಕ್ಕೆ ಕಾರಣ ಒಂದು ಸಿನಿಮಾ. 2022ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ಬಿಡುಗಡೆಯಾಯಿತು. ಅಪ್ಪು ಹೋಗಿ ಆಗಲೇ ಒಂದು ವರ್ಷವಾಗಿತ್ತು. ಅದರಲ್ಲಿ ಅವರು ನೇತ್ರಾಣಿಯ ಹತ್ತಿರ ಸಮುದ್ರಕ್ಕೆ ಇಳಿಯುವುದನ್ನು ನೋಡಿ, ಥಿಯೇಟರ್‌ನಿಂದ ಹೊರಗೆ ಬರುವಾಗಲೇ 'ನಾವೂ ಹೋಗೋಣ' ಅಂದುಕೊಂಡೆವು.

ಹೋಗುವ ಜಾಗದ ಕಥೆ ತಿಳಿಯದೆ ಹೊರಡುವುದು ಪತ್ರಕರ್ತರಿಗೆ ಶೋಭೆಯಲ್ಲ. ಹಾಗಾಗಿ ಖರ್ಚಿನ ಪಟ್ಟಿ ಬರೆಯುತ್ತಲೇ ಇತಿಹಾಸವನ್ನೂ ಹುಡುಕಿದೆವು. ಆ ಇತಿಹಾಸವೇ ನಮ್ಮ ಯೋಜನೆಯನ್ನು ಎರಡು ಮೂರು ಕಡೆ ತಿದ್ದಿತು.

ಎರಡು ಹೆಸರಿನ ಗುಡ್ಡ

ನೇತ್ರಾಣಿ ಇರುವುದು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನಲ್ಲಿ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ, ದೋಣಿಯಲ್ಲಿ ಒಂದರಿಂದ ಒಂದೂವರೆ ತಾಸು. ಬಂಡೆಗಳ ಸಂದಿಯಲ್ಲಿ ಕಾಡು ಪಾರಿವಾಳಗಳು ಇದ್ದದ್ದರಿಂದ ಇಂಗ್ಲಿಷರು ಇದನ್ನು ತಮ್ಮ ನಕ್ಷೆಗಳಲ್ಲಿ 'ಪಿಜನ್ ಐಲ್ಯಾಂಡ್' ಅಂತ ಬರೆದುಕೊಂಡರು. ಮೀನುಗಾರರಿಗೆ ಮಾತ್ರ ಅದು ಮೊದಲಿನಿಂದಲೂ ನೇತ್ರಾಣಿಯೇ.

ಈ ಕಡಲು ಖಾಲಿ ಇದ್ದ ಕಡಲಲ್ಲ. ಹತ್ತಿರದ ಭಟ್ಕಳ ವಿಜಯನಗರದ ಕಾಲದಲ್ಲಿ ದೊಡ್ಡ ಬಂದರು. ಅರಬರ ಕುದುರೆಗಳು ಅಲ್ಲಿ ಇಳಿಯುತ್ತಿದ್ದವು, ಘಟ್ಟದ ಮೆಣಸು, ಅಕ್ಕಿ ಅಲ್ಲಿಂದ ಹೊರಡುತ್ತಿತ್ತು. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಭಾರತಕ್ಕೆ ಬಂದಾಗ ಇದೇ ಭಟ್ಕಳವನ್ನು ಹೆದರಿಸಿ ಅಕ್ಕಿಯ ಕಪ್ಪ ಕೇಳಿದ. ಅದೇ ಶತಮಾನದಲ್ಲಿ ಈ ಸೀಮೆಯನ್ನು ಆಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದರು. ಮುಂದೆ 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂತು. ದಡದಲ್ಲಿ ಆಳುವವರು ಬದಲಾದರೂ ಗುಡ್ಡ ಮಾತ್ರ ಇದ್ದಲ್ಲೇ ಇತ್ತು.

ಜಟ್ಟಿಗನ ಆಡು, ನೌಕಾಪಡೆಯ ಗುಂಡು

ನಮ್ಮ ಮೊದಲ ಪಟ್ಟಿಯಲ್ಲಿ 'ದ್ವೀಪದ ಮೇಲೆ ಬುತ್ತಿ ಊಟ' ಅಂತ ಇತ್ತು. ಅದನ್ನು ಹೊಡೆದು ಹಾಕಿದ್ದು ದೋಣಿಯವರು.

"ಮೇಲೆ ಹತ್ತೂಕೆ ಬಿಡುದಿಲ್ಲ ತಮ್ಮಾ. ಅದು ಜಟ್ಟಿಗನ ಜಾಗ" ಅಂದರು ಆ ಹಿರಿಯರು ಫೋನಿನಲ್ಲಿ.

ಜಟ್ಟಿಗ ಮೀನುಗಾರರ ದೈವ. ಗಾಳಿಗೆ ಸಿಕ್ಕಿದಾಗ, ಮೀನು ಸಿಗದಾಗ ಹರಕೆ ಹೊತ್ತು, ಆಮೇಲೆ ದೋಣಿಯಲ್ಲಿ ಆಡು ಒಯ್ದು ದ್ವೀಪದಲ್ಲಿ ಬಿಟ್ಟು ಬರುವ ವಾಡಿಕೆ ಅವರಲ್ಲಿತ್ತು. ಊರಿನಿಂದ ಅಷ್ಟು ದೂರ, ನಡುಗಡಲಿನ ಬಂಡೆಯ ಮೇಲೆ ಆಡು ಹೇಗೆ ಬಂದವು ಅನ್ನುವ ಪ್ರಶ್ನೆಗೆ ಉತ್ತರ ಈ ಹರಕೆ.

ಎರಡನೇ ಕಾರಣ ಹೊಸ ಕಾಲದ್ದು. ಭಾರತೀಯ ನೌಕಾಪಡೆ ವರ್ಷಗಟ್ಟಲೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿತು. ಗುಂಡು, ಶೆಲ್ಲುಗಳ ಚೂರು ಅಲ್ಲಿ ಬಿದ್ದಿವೆ. ಸಿಡಿಯದೆ ಉಳಿದದ್ದೂ ಇರಬಹುದು ಅನ್ನುವ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುವ ಜಾಗ ಅದು, ಸುತ್ತಲ ನೀರಿನಲ್ಲಿ ಹವಳವಿದೆ. ಅಲ್ಲಿ ಗುಂಡು ಹಾರಿಸುವುದು ಬೇಡ ಅಂತ ಪರಿಸರದವರು, ಮೀನುಗಾರರು ಇಬ್ಬರೂ ದನಿ ಎತ್ತಿದರು. ದೇಶದ ರಕ್ಷಣೆಯೂ ಬೇಕು, ಹವಳವೂ ಬೇಕು. ಈ ಜಗ್ಗಾಟ ನಮ್ಮ ಊರಿನ ಗೋಮಾಳದ ಜಗಳಕ್ಕಿಂತ ಬಹಳ ಬೇರೆಯಲ್ಲ ಅನ್ನಿಸಿತು. ಜಾಗ ಒಂದೇ, ಕೇಳುವವರು ಹಲವರು.

ರಂಪಣಿಯಿಂದ ಪ್ರವಾಸಿಗರವರೆಗೆ

ಇವತ್ತು ಮುರುಡೇಶ್ವರ ಅಂದರೆ 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ ಕಣ್ಣಿಗೆ ಬರುತ್ತದೆ. ಇದೆಲ್ಲ ಇತ್ತೀಚಿನದು. ಇಲ್ಲೇ ಹುಟ್ಟಿದ ಉದ್ಯಮಿ ಆರ್.ಎನ್. ಶೆಟ್ಟಿ ಅವರು ಇವನ್ನು ಕಟ್ಟಿಸಿದರು. ಗೋಪುರ ಪೂರ್ತಿಯಾದದ್ದು 2008ರಲ್ಲಿ. ಅದಕ್ಕೂ ಮೊದಲು ಇದು ಕಂದುಕಗಿರಿಯ ಮೇಲೆ ಒಂದು ದೇವಸ್ಥಾನ, ಕೆಳಗೆ ಮೀನುಗಾರರ ಕೇರಿ ಇದ್ದ ಸಣ್ಣ ಊರು.

ಆಗ ಕರಾವಳಿಯ ದೊಡ್ಡ ಮೀನುಗಾರಿಕೆ ಅಂದರೆ ರಂಪಣಿ. ಕೇರಿಗೆ ಕೇರಿಯೇ ಸೇರಿ ಉದ್ದನೆಯ ಬಲೆಯನ್ನು ದಡಕ್ಕೆ ಎಳೆಯುತ್ತಿತ್ತು, ಸಿಕ್ಕ ಬಂಗಡೆ, ತಾರ್ಲೆ ಪಾಲಾಗುತ್ತಿತ್ತು. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳ ಪರ್ಸಿನ್ ಬಲೆ ಬಂತು. ಮೀನು ದಡಕ್ಕೆ ಬರುವ ಮುಂಚೆಯೇ ಆಳದಲ್ಲಿ ಹಿಡಿದದ್ದರಿಂದ ರಂಪಣಿ ಸೊರಗಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, ಮುರುಡೇಶ್ವರಕ್ಕೂ ಸ್ಟೇಷನ್ ಸಿಕ್ಕಿತು. ಬಲೆ ಎಳೆದ ಮನೆಗಳ ಕೆಲವು ಹುಡುಗರು ಇಂದು ಪ್ರವಾಸಿಗರ ದೋಣಿ ನಡೆಸುತ್ತಾರೆ, ಗ್ಯಾಸ್ ಸಿಲಿಂಡರಿನಂಥ ಗಾಳಿ ಟ್ಯಾಂಕು ಹೊರುತ್ತಾರೆ.

ಮುಳುಗುವ ವಿದ್ಯೆ

ಮುಳುಗುವುದು ಕರಾವಳಿಯವರಿಗೆ ಹೊಸತಲ್ಲ. ಬಂಡೆಗೆ ಅಂಟಿದ ನೀಲಿಕಲ್ಲು ಕೀಳಲು ಅವರು ಉಸಿರು ಬಿಗಿಹಿಡಿದು ಮುಳುಗುತ್ತ ಬಂದಿದ್ದಾರೆ. ಆದರೆ ಬಿಗಿಹಿಡಿದ ಉಸಿರು ಎಷ್ಟು ಹೊತ್ತು ಬಂದೀತು? ಒಂದೆರಡು ನಿಮಿಷ ಅಷ್ಟೇ.

1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ಟೊ ಮತ್ತು ಇಂಜಿನಿಯರ್ ಎಮಿಲ್ ಗ್ಯಾನ್ಯಾನ್ ಸೇರಿ ಇದಕ್ಕೆ ದಾರಿ ಕಂಡುಹಿಡಿದರು. ಬೆನ್ನ ಮೇಲೆ ಒತ್ತಿ ತುಂಬಿದ ಗಾಳಿಯ ಟ್ಯಾಂಕು, ಬಾಯಿಗೆ ರೆಗ್ಯುಲೇಟರ್. ಎಳೆದಾಗ ಮಾತ್ರ, ಬೇಕಾದಷ್ಟೇ ಗಾಳಿ ಬರುವಂತೆ ಮಾಡಿದ್ದು ಅವರ ಜಾಣತನ. ಇವತ್ತಿನ ಸ್ಕೂಬಾ ಅದರದ್ದೇ ಮಗು.

ಇಲ್ಲಿ ಒಂದು ಲೆಕ್ಕ ತಿಳಿಯಬೇಕು. ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದದ್ದರ ಎರಡು ಪಟ್ಟು. ಅಲ್ಲಿ ಎಳೆದ ಗಾಳಿ ಮೇಲೆ ಬರುತ್ತ ಎರಡು ಪಟ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು. ನೀಲಿಕಲ್ಲಿನವರ ನಿಯಮ 'ಉಸಿರು ಬಿಗಿಹಿಡಿ'. ಸ್ಕೂಬಾದ ಮೊದಲ ನಿಯಮ ಅದಕ್ಕೆ ಪೂರ್ತಿ ಉಲ್ಟಾ: ಉಸಿರನ್ನು ಎಂದಿಗೂ ಕಟ್ಟಬೇಡ.

ನಮ್ಮ ಎರಡು ತಪ್ಪು

ಮೊದಲ ಸಲ ನಾವು ಮೇ ಕೊನೆಯ ವಾರಕ್ಕೆ ಬುಕ್ ಮಾಡಿ ಮುಂಗಡ ಕೊಟ್ಟೆವು. ಕಡಲು ಎದ್ದಿತ್ತು, ದೋಣಿ ಹೊರಡಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುವ ಕರಾವಳಿ ಅದು. ಆ ಲೆಕ್ಕ ನೋಡಿದ್ದರೂ ನಮಗೆ ತಿಳಿಯುತ್ತಿತ್ತು. ನೀರು ತಿಳಿಯಾಗಿರುವುದು ಡಿಸೆಂಬರ್‌ನಿಂದ ಫೆಬ್ರವರಿ. ಎರಡನೇ ಸಲ ಜನವರಿಗೆ ಹೊರಟೆವು.

ಎರಡನೇ ತಪ್ಪು ದೊಡ್ಡದು. ಆರೋಗ್ಯದ ಫಾರಂನಲ್ಲಿ ಆಸ್ತಮಾ ಇದೆಯೇ ಅಂತ ಕೇಳುತ್ತಾರೆ. ನಮ್ಮಲ್ಲೊಬ್ಬ 'ಇಲ್ಲ' ಅಂತ ಟಿಕ್ ಹಾಕಿದ್ದ. ಹಿಂದಿನ ರಾತ್ರಿ ರೂಮಿನಲ್ಲಿ ಅವನ ಚೀಲದಿಂದ ದಮ್ಮಿನ ಪಂಪು ಬಿತ್ತು.

"ವರ್ಷಾತು ದಮ್ಮು ಬಂದಿಲ್ಲ. ಏನಾಗಂಗಿಲ್ಲ ಬಿಡ್ರೋ" ಅಂದ.

ಎರಡು ಪಟ್ಟು ಹಿಗ್ಗುವ ಗಾಳಿಯ ಲೆಕ್ಕ ಆಗ ನಮಗೆಲ್ಲ ನೆನಪಿಗೆ ಬಂತು. ದಮ್ಮಿನಿಂದ ಶ್ವಾಸನಾಳ ಬಿಗಿದರೆ ಉಸಿರು ಬಿಡುತ್ತಿದ್ದರೂ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು. ಬಹಳ ಹೊತ್ತು ಜಗಳವಾಯಿತು. ಕೊನೆಗೆ ಅವನ ಅಮ್ಮನ ಹೆಸರು ಎತ್ತಿದ ಮೇಲೆ ಸುಮ್ಮನಾದ. ಬೆಳಿಗ್ಗೆ ಫಾರಂ ತಿದ್ದಿಸಿದೆವು. ಡಾಕ್ಟರ ಚೀಟಿ ಇಲ್ಲದೆ ಇಳಿಸುವುದಿಲ್ಲ ಅಂದರು. ಅವನು ದೋಣಿಯಲ್ಲೇ ಕೂತ.

ನಾವು ಇದನ್ನು ಬರೆಯಲು ಒಂದು ಕಾರಣವಿದೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಿನಲ್ಲಿ ತೀರಿಕೊಂಡರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಕೆರೆ ಕಂಡ ಕಣ್ಣಿಗೆ ಕಡಲೂ ಕೆರೆಯಂತೆಯೇ ಕಾಣುತ್ತದೆ. ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ ಅನ್ನುವುದು ಅಲ್ಲಿ ಬೆಳೆದವರಿಗೆ ಗೊತ್ತು, ನಮಗೆ ಯಾರಾದರೂ ಹೇಳಬೇಕು.

ನೀವು ಹೋಗುವುದಾದರೆ

ಈಜು ಬಾರದವರೂ ತರಬೇತುದಾರರ ಜೊತೆ ಇಳಿಯಬಹುದು, ಆದರೆ 12 ಮೀಟರ್‌ಗಿಂತ ಆಳಕ್ಕಲ್ಲ. ಒಬ್ಬ ತರಬೇತುದಾರ ಎಷ್ಟು ಜನರನ್ನು ಇಳಿಸುತ್ತಾನೆ, ದೋಣಿಯಲ್ಲಿ ಆಮ್ಲಜನಕ ಇದೆಯೇ, ಕಡಲು ಎದ್ದರೆ ಮುಂಗಡ ವಾಪಸ್ ಕೊಡುತ್ತಾರೆಯೇ ಅಂತ ಮೊದಲೇ ಕೇಳಿ. ಹೃದಯದ ತೊಂದರೆ, ದಮ್ಮು, ಕಿವಿಯ ಸೋರಿಕೆ, ಬಸುರಿ ಅನ್ನುವುದನ್ನು ಮುಚ್ಚಿಡಬೇಡಿ.

ಮುಳುಗಿದ ದಿನವೇ ಘಟ್ಟ ಹತ್ತಬೇಡಿ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 900. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಲು ಒಂದು ರಾತ್ರಿ ದಡದಲ್ಲೇ ಕಳೆಯುವುದು ಒಳ್ಳೆಯದು. ಹವಳ ಮುಟ್ಟಬೇಡಿ, ಚೂರೂ ತರಬೇಡಿ. 2001ರಿಂದ ಹವಳಕ್ಕೂ ತಿಮಿಂಗಿಲ ಶಾರ್ಕಿಗೂ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದೆ.

ನಾವು ಮೂವರು ಕೆಳಗೆ ಹವಳದ ಮೇಲೆ ಮೇಯುವ ಬಣ್ಣದ ಮೀನು ನೋಡಿದೆವು. ಮೇಲೆ ಬಂದಾಗ ದೋಣಿಯಲ್ಲಿ ಕೂತವನು ನಮ್ಮನ್ನು ಏನೂ ಕೇಳಲಿಲ್ಲ. ಬಂಡೆಯ ತುದಿಗೆ ಕೈ ತೋರಿಸಿ, "ಅಲ್ಲಿ ನೋಡ್ರಿ, ಆಡು" ಅಂದ. ಯಾವ ಮನೆಯವರ ಯಾವ ಹರಕೆಯ ಆಡಿನ ಮರಿಮಕ್ಕಳೋ, ಎರಡು ನಿಂತಿದ್ದವು. ನಮ್ಮ ಕಣ್ಣಿಗೆ ಬೀಳುವ ಮೊದಲೇ ಅವನು ಅವನ್ನು ಬಹಳ ಹೊತ್ತು ನೋಡಿದ್ದ.