ಟೈಸನ್ನನ ಬಾವಿ

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಊರಿನ ಚರಿತ್ರೆ ಬರೆಯಿರಿ ಎಂದು ಯಾರಾದರೂ ನನಗೆ ಹೇಳಿದರೆ ನಾನು ಬಾವಿಯಿಂದ ಶುರು ಮಾಡುತ್ತೇನೆ. ಆ ಊರಿನವರು ಒಂಟೆಯಿಂದ ಶುರು ಮಾಡುತ್ತಾರೆ. ಒಂಟೆಯ ಕತೆ ಚೆನ್ನಾಗಿದೆ, ಮುಂದೆ ಹೇಳುತ್ತೇನೆ. ಆದರೆ ಒಂಟೆ, ಗಾಡಿ, ಈಗಿನ ಆರ್‌ವಿ ಎಂಬ ಮನೆಗಾಡಿ ಇವೆಲ್ಲ ಅಲ್ಲಿ ನಿಂತದ್ದು, ಅಲ್ಲಿಂದ ಹೊರಟದ್ದು ನೀರಿನ ಲೆಕ್ಕದ ಮೇಲೆ. ಸಾರಿಗೆ ಸಂಸ್ಥೆಯ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿ ಕಟ್ಟುತ್ತ ನಿವೃತ್ತನಾದವನು ನಾನು. ಗಾಡಿ ಯಾವುದೇ ಇರಲಿ, ಮೊದಲು ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡುವ ಚಟ ಇನ್ನೂ ಬಿಟ್ಟಿಲ್ಲ. ಈ ಮರುಭೂಮಿಯ ಚರಿತ್ರೆ ನನಗೆ ಗೊತ್ತಾದದ್ದೂ ಹಾಗೆ, ಬಹುಮಟ್ಟಿಗೆ ಕೆಳಗಿನಿಂದ.

ಫೀನಿಕ್ಸ್‌ನಿಂದ ಲಾಸ್ ಏಂಜಲೀಸ್ ಕಡೆಗೆ 10ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್ ಹೋದರೆ ಕ್ವಾರ್ಟ್ಸ್‌ಸೈಟ್ ಸಿಗುತ್ತದೆ. ಮುಂದೆ ಮೂವತ್ತು ಚಿಲ್ಲರೆ ಕಿಲೋಮೀಟರಿಗೆ ಕೊಲರಾಡೊ ನದಿ, ಅದರಾಚೆ ಕ್ಯಾಲಿಫೋರ್ನಿಯಾ. ಸರಕು ಹೇರಿದ ಹೇಸರಗತ್ತೆ ಗಾಡಿ ದಿನಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರ ಹೋಗುತ್ತಿತ್ತು. ಹೊಳೆ ಬಿಟ್ಟು ಒಂದು ದಿನದ ದಾರಿಯಲ್ಲಿ ಬಾವಿ ಇದ್ದರೆ ಅಲ್ಲಿ ಊರು ಹುಟ್ಟದೆ ಇರುತ್ತದೆಯೇ? 1856ರಲ್ಲಿ ಚಾರ್ಲ್ಸ್ ಟೈಸನ್ ಎಂಬುವನು ಅಲ್ಲಿ ನೆಲೆಯೂರಿ ನೀರಿನ ಕಾವಲಿಗೆ ಒಂದು ಕೋಟೆ ಕಟ್ಟಿಕೊಂಡ. ಕೋಟೆ ಎಂದರೆ ಚಿತ್ರದುರ್ಗವನ್ನು ನೆನೆಯಬೇಡಿ. ಒಬ್ಬ ಖಾಸಗಿ ಮನುಷ್ಯ ಮೂಲನಿವಾಸಿಗಳ ದಾಳಿಗೆ ಹೆದರಿ ಎಬ್ಬಿಸಿದ ಗೋಡೆ ಅದು. ಮೊಹಾವಿ, ಯಾವಪಾಯ್, ಚೆಮೆಹ್ಯುವಿ ಜನ ಆ ಸೀಮೆಯಲ್ಲಿ ಬಾವಿಯಿಲ್ಲದೆ ಬಾಳಿದವರು. ಬೆಟ್ಟದ ಬಂಡೆಗಳ ದೊಣೆಗಳಲ್ಲಿ ನಿಂತ ಮಳೆನೀರು ಎಲ್ಲೆಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಯಾರ ನೀರನ್ನು ಯಾರಿಂದ ಕಾಯಲು ಆ ಗೋಡೆ ಎದ್ದಿತು ಎಂಬ ಪ್ರಶ್ನೆಯನ್ನು ಊರಿನ ಫಲಕಗಳು ಕೇಳುವುದಿಲ್ಲ.

1862ರಲ್ಲಿ ಹೊಳೆದಂಡೆಯ ಲಾ ಪಾಜ್‌ನಲ್ಲಿ ಚಿನ್ನ ಸಿಕ್ಕಿತು. ಆಮೇಲೆ ಎರೆನ್‌ಬರ್ಗ್ ಬಂದರಿಗೆ ಉಗಿದೋಣಿಗಳು ಬಂದವು. ಅಲ್ಲಿ ಇಳಿಸಿದ ಹಿಟ್ಟು, ಮದ್ದು, ಸಲಾಕೆಗಳು ಟೈಸನ್ನನ ಬಾವಿಯ ಮೇಲೆ ಹಾದು ಒಳನಾಡಿನ ಗಣಿಗಳಿಗೆ ಹೋದವು. ಹಸಿ ಇಟ್ಟಿಗೆಯ ಗಾಡಿ ನಿಲ್ದಾಣ ಎದ್ದಿತು. ಆ ಕಟ್ಟಡ ಇವತ್ತು ಸಣ್ಣ ಮ್ಯೂಸಿಯಂ. 1870ರ ದಶಕದಲ್ಲಿ ಸೇನಾಧಿಕಾರಿಯ ಹೆಂಡತಿ ಮಾರ್ಥಾ ಸಮರ್‌ಹೇಸ್ ಈ ದಾರಿಯಲ್ಲಿ ಹೋದರು. 1908ರ ತಮ್ಮ ನೆನಪಿನ ಪುಸ್ತಕದಲ್ಲಿ ಅವರು ಟೈಸನ್ನನ ಬಾವಿಗೆ ಒಂದೂ ಒಳ್ಳೆಯ ಮಾತು ಖರ್ಚು ಮಾಡಿಲ್ಲ. ಅಲ್ಲಿಯ ಹೊಲಸು ಅವರಿಗೆ ಕಣ್ಣಿಗೂ ಕಾಣಿಸಿತು, ಜನರ ನಡತೆಯಲ್ಲೂ ಕಾಣಿಸಿತು. ಬಾವಿಯ ಸುತ್ತ ಕತ್ತೆ, ಕುದುರೆ, ಕುಡುಕ ಸೇರಿದರೆ ಇನ್ನೇನಾಗುತ್ತದೆ. ಆ ದಶಕ ಮುಗಿಯುವ ಮೊದಲೇ ರೈಲು ದಕ್ಷಿಣಕ್ಕೆ ಯೂಮಾದಲ್ಲಿ ಹೊಳೆ ದಾಟಿತು. ದೋಣಿಗಳ ವ್ಯಾಪಾರ ಇಳಿಯಿತು, ಗಾಡಿಗಳದ್ದೂ ಇಳಿಯಿತು.

ಈಗ ಒಂಟೆ. 1855ರಲ್ಲಿ ಅಮೆರಿಕದ ಕಾಂಗ್ರೆಸ್ ಸೇನೆಗೆ ಒಂಟೆ ಕೊಳ್ಳಲು 30,000 ಡಾಲರ್ ಮಂಜೂರು ಮಾಡಿತು. ಹಠ ಹಿಡಿದು ಮಾಡಿಸಿದವನು ಯುದ್ಧ ಕಾರ್ಯದರ್ಶಿ ಜೆಫರ್ಸನ್ ಡೇವಿಸ್. ಮೆಕ್ಸಿಕೋದಿಂದ ಹೊಸದಾಗಿ ಕಿತ್ತುಕೊಂಡ ನೈಋತ್ಯದ ಮರುಭೂಮಿಗೆ ದಾರಿ ಹುಡುಕಬೇಕಿತ್ತು. ಕುದುರೆಗೂ ಹೇಸರಗತ್ತೆಗೂ ನೀರು ಹೊತ್ತೇ ಸಾಕಾಗುತ್ತಿತ್ತು. ‘ಸಪ್ಲೈ’ ಎಂಬ ನೌಕೆಯನ್ನು ಮೆಡಿಟರೇನಿಯನ್‌ಗೆ ಕಳಿಸಿ ಒಂಟೆಗಳನ್ನು ತಂದು 1856ರ ಮೇ ತಿಂಗಳಲ್ಲಿ ಟೆಕ್ಸಾಸ್ ಕರಾವಳಿಯ ಇಂಡಿಯನೋಲಾದಲ್ಲಿ ಇಳಿಸಿದರು. ಮರುವರ್ಷ ಇನ್ನಷ್ಟು ಬಂದವು. ಪ್ರಾಣಿಯ ಜೊತೆ ಪ್ರಾಣಿಯನ್ನು ಬಲ್ಲವರೂ ಬೇಕಲ್ಲ, ಹೀಗೆ ಬಂದವರಲ್ಲಿ ಹಾಜಿ ಅಲಿ ಒಬ್ಬ. ಸಿಪಾಯಿಗಳ ಬಾಯಲ್ಲಿ ಅವನು ‘ಹೈ ಜಾಲಿ’ಯಾದ.

1857ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿ ಒಂಟೆಗಳನ್ನು ಕಟ್ಟಿಕೊಂಡು 35ನೇ ಅಕ್ಷಾಂಶದ ಗುಂಟ ಕೊಲರಾಡೊ ಹೊಳೆಯವರೆಗೆ ಗಾಡಿದಾರಿ ಗುರುತಿಸುತ್ತ ಹೋದ. ನನಗೆ ಬಹಳ ಹಿಡಿಸಿದ ಸಂಗತಿ ಇದು: ಆ ಪಯಣದಲ್ಲಿ ಒಂಟೆಗಳು ಹೊತ್ತದ್ದರಲ್ಲಿ ಹೇಸರಗತ್ತೆಗಳಿಗೆ ಬೇಕಾದ ನೀರೂ ಇತ್ತು. ಅಂದರೆ ಅವು ವಾಟರ್ ಟ್ಯಾಂಕರ್ ಆಗಿದ್ದವು. ಹೊಳೆ ಬಂದಾಗ ಒಂಟೆ ಈಜಲಾರದು ಎಂದು ಎಲ್ಲರೂ ಹೆದರಿದ್ದರು. ಅವು ಸಲೀಸಾಗಿ ಈಜಿ ದಾಟಿದವು, ಹತ್ತು ಹೇಸರಗತ್ತೆ ಮತ್ತು ಎರಡು ಕುದುರೆ ಮುಳುಗಿ ಸತ್ತವು. ಬೀಲ್ ಗುರುತಿಸಿದ ಆ ದಾರಿಯ ಗುಂಟವೇ ಬಹುದೂರ ಮುಂದೆ ರೈಲು ಬಂತು, 1926ರಲ್ಲಿ 66ನೇ ನಂಬರಿನ ಹೆದ್ದಾರಿ ಬಂತು. ಸಿನಿಮಾಗಳಲ್ಲಿ ನಾವು ನೋಡುವ ಆ ರಸ್ತೆಗೆ ಮೊದಲು ಹೆಜ್ಜೆ ಹಾಕಿದವುಗಳಲ್ಲಿ ಒಂಟೆಯೂ ಇದೆ.

ಇಷ್ಟಾದರೂ ಪ್ರಯೋಗ ಉಳಿಯಲಿಲ್ಲ. ಹೇಸರಗತ್ತೆಗಳು ಒಂಟೆಯ ವಾಸನೆಗೇ ಬೆದರಿ ಹಗ್ಗ ಕಿತ್ತು ಓಡುತ್ತಿದ್ದವು, ಅವುಗಳ ಹಿಂದೆ ಓಡುವ ಆಳುಗಳು ಒಂಟೆಗೆ ಶಾಪ ಹಾಕುತ್ತಿದ್ದರು ಎಂಬ ಕಾರಣವನ್ನೇ ಎಲ್ಲರೂ ಹೇಳುತ್ತಾರೆ. ನಗು ಬರುವ ಕಾರಣ, ಹಾಗಾಗಿ ನೆನಪಿನಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಒಂಟೆಯನ್ನು ಕೊಂದದ್ದು ಫೈಲು. 1861ರಲ್ಲಿ ಅಂತರ್ಯುದ್ಧ ಶುರುವಾಯಿತು. ಒಂಟೆ ತರಿಸಿದ ಡೇವಿಸನೇ ಬಂಡೆದ್ದ ದಕ್ಷಿಣದ ಅಧ್ಯಕ್ಷನಾದ. ಶತ್ರುವಿನ ಯೋಜನೆಗೆ ವಾಷಿಂಗ್ಟನ್ನಿನಲ್ಲಿ ಯಾರು ಸಹಿ ಹಾಕುತ್ತಾರೆ? 1864ರಲ್ಲಿ ಕ್ಯಾಲಿಫೋರ್ನಿಯಾದ ಬೆನಿಷಿಯಾದಲ್ಲಿ ಸರ್ಕಾರ ಅಲ್ಲಿದ್ದ ಒಂಟೆಗಳನ್ನು ಹರಾಜು ಹಾಕಿತು. ಹಾಜಿ ಅಲಿ ಕೆಲವು ಒಂಟೆಗಳನ್ನು ಇಟ್ಟುಕೊಂಡು ಹೊಳೆಯ ಬಂದರುಗಳಿಂದ ಗಣಿಗಳಿಗೆ ಸರಕು ಸಾಗಿಸಿದ. ಗಿಟ್ಟಲಿಲ್ಲ, ಒಂಟೆಗಳನ್ನು ಮರುಭೂಮಿಗೆ ಬಿಟ್ಟ. 1880ರಲ್ಲಿ ಫಿಲಿಪ್ ಟೆಡ್ರೊ ಎಂಬ ಹೆಸರಿನಲ್ಲಿ ಅಮೆರಿಕದ ಪ್ರಜೆಯಾದ, ಟೂಸಾನ್‌ನ ಹೆಣ್ಣನ್ನು ಮದುವೆಯಾದ, ಅದಿರು ಹುಡುಕುತ್ತ ಅಲೆದ, 1902ರಲ್ಲಿ ಕ್ವಾರ್ಟ್ಸ್‌ಸೈಟ್‌ನಲ್ಲಿ ತೀರಿಕೊಂಡ. 1935ರಲ್ಲಿ ಅರಿಜೋನಾದ ಹೆದ್ದಾರಿ ಇಲಾಖೆ ಅವನ ಗೋರಿಯ ಮೇಲೆ ಅಲ್ಲಿಯದೇ ಕಲ್ಲುಗಳಿಂದ ಪಿರಮಿಡ್ ಕಟ್ಟಿತು. ನೆತ್ತಿಯಲ್ಲಿ ತಾಮ್ರದ ಒಂಟೆ. ರಸ್ತೆ ಇಲಾಖೆಯೊಂದು ಸಾಗಣೆದಾರನಿಗೆ ಗೋರಿ ಕಟ್ಟಿಸಿದ್ದು ನನಗೆ ಬಹಳ ಸರಿ ಎನ್ನಿಸಿತು. ನಮ್ಮ ಸಂಸ್ಥೆಯಲ್ಲಿ ಡ್ರೈವರ್ ನಿವೃತ್ತನಾದರೆ ಒಂದು ಶಾಲು, ಒಂದು ಹಾರ.

ಇಪ್ಪತ್ತನೇ ಶತಮಾನದ ನಡುವಿನವರೆಗೆ ಊರಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಸುತ್ತಲಿನ ಬಯಲನ್ನು 1942ರಿಂದ 1944ರವರೆಗೆ ಸೇನೆ ಬಳಸಿತು. ಜನರಲ್ ಪ್ಯಾಟನ್ ಆರಿಸಿದ ಮರುಭೂಮಿ ತರಬೇತಿ ಕೇಂದ್ರ ಅರಿಜೋನಾ, ಕ್ಯಾಲಿಫೋರ್ನಿಯಾ ಎರಡೂ ರಾಜ್ಯಗಳಲ್ಲಿ ಹರಡಿತ್ತು. ಅಲ್ಲಿಯ ನೆಲ ವಿಚಿತ್ರ. ಸಣ್ಣ ಕಲ್ಲುಗಳು ಒಂದಕ್ಕೊಂದು ಒತ್ತಿಕೊಂಡು, ಕಾಲಾಂತರದಲ್ಲಿ ಕಪ್ಪು ಮೆರುಗು ಬಂದು, ಹಾಸುಗಲ್ಲಿನ ಅಂಗಳದಂತೆ ಕೂತಿವೆ. ಒಮ್ಮೆ ಕದಲಿದರೆ ಶತಮಾನವಾದರೂ ಮುಚ್ಚಿಕೊಳ್ಳುವುದಿಲ್ಲ. ಟ್ಯಾಂಕುಗಳ ಪಟ್ಟೆಯ ಗುರುತು ಇನ್ನೂ ಕಾಣುತ್ತದೆ. ಹೊಳೆಯಾಚೆ ಬ್ಲೈತ್ ಬಳಿ ಮೂಲನಿವಾಸಿಗಳು ಇದೇ ಕಪ್ಪು ಕಲ್ಲುಗಳನ್ನು ಕೆರೆದು, ಕೆಳಗಿನ ತಿಳಿಮಣ್ಣು ಕಾಣುವಂತೆ ಬಿಡಿಸಿದ ದೈತ್ಯ ಆಕೃತಿಗಳಿವೆ. 1932ರಲ್ಲಿ ವಿಮಾನ ಹಾರಿಸುತ್ತಿದ್ದವನೊಬ್ಬ ಮೇಲಿನಿಂದ ನೋಡಿದ ಮೇಲೆಯೇ ಹೊರಗಿನವರಿಗೆ ಅವು ಗೊತ್ತಾದದ್ದು. ಅವುಗಳ ಮೇಲೂ ಗಾಲಿಗಳು ಹಾದುಹೋಗಿವೆ. ಈಗ ಬೇಲಿಯಿದೆ.

ಇನ್ನು ನನ್ನ ಕಸುಬಿನ ಭಾಗ. ಗಾಡಿಯಲ್ಲಿ ಮಲಗುವ ಆಸೆ ಅಮೆರಿಕದವರಿಗೆ ಕಾರು ಬಂದಾಗಿನಿಂದ ಇದೆ. 1910ರಲ್ಲೇ ಪಿಯರ್ಸ್-ಆರೊ ಕಂಪನಿ ಹಾಸಿಗೆಯಾಗುವ ಸೀಟು, ಮಡಚುವ ಬೇಸಿನ್ ಇರುವ ಕಾರು ಮಾಡಿ ಶ್ರೀಮಂತರಿಗೆ ತೋರಿಸಿತ್ತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಹುಟ್ಟಿತು. ರೇಡಿಯೇಟರ್ ಮುಚ್ಚಳಕ್ಕೆ ಬೆಸುಗೆ ಹಾಕಿದ ತಗಡಿನ ಡಬ್ಬಿಯೇ ಅವರ ಬಿಲ್ಲೆ. 1930ರ ದಶಕದಲ್ಲಿ ಹಾಲಿ ಬೌಲಸ್ ಅಲ್ಯೂಮಿನಿಯಂ ಹಾಳೆ ರಿವೆಟ್ ಮಾಡಿ ಟ್ರೇಲರ್ ಕಟ್ಟಿದ. ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ನಿರ್ಮಾಣ ನೋಡಿಕೊಂಡವನು ಅವನು. ಆ ಮಾದರಿಯನ್ನೇ ಹಿಡಿದು 1936ರಲ್ಲಿ ವಾಲಿ ಬಯಮ್‌ನ ಏರ್‌ಸ್ಟ್ರೀಮ್ ಬಂತು. ಹುಬ್ಬಳ್ಳಿಯಲ್ಲಿ ರಿವೆಟ್ ಹೊಡೆದೇ ಬೆರಳು ಗಟ್ಟಿಯಾದ ನನಗೆ ಹಳೆಯ ಏರ್‌ಸ್ಟ್ರೀಮ್ ಕಂಡರೆ ಕೈಯಾಡಿಸದೆ ಇರಲಾಗುವುದಿಲ್ಲ. ರಿವೆಟ್ಟಿನ ಸಾಲು ಒಂದು ಕೂದಲಷ್ಟೂ ಸೊಟ್ಟ ಹೋಗಿಲ್ಲ. ಸಾಮಾನ್ಯರ ಕೈಗೆ ಮೋಟರ್‌ಹೋಮ್ ಎಟುಕಿದ್ದು 1966ರ ನಂತರ, ಅಯೋವಾದ ವಿನೆಬೇಗೊ ಕಂಪನಿ ಫೋಮ್ ತುಂಬಿದ ಹಗುರ ಹಲಗೆಗಳಿಂದ ಸಾಲುಸಾಲಾಗಿ ಜೋಡಿಸತೊಡಗಿದ ಮೇಲೆ.

ಆದರೆ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ಇರಲು ಬಾಡಿ ಸಾಲದು. ಅಲ್ಲಿ ಗೆದ್ದದ್ದು ಎರಡು ವಸ್ತು. ಒಂದು, ಬೆಂಕಿಯಿಂದ ತಣ್ಣಗಾಗುವ ಫ್ರಿಜ್. ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟನ್ ಮತ್ತು ಮುಂಟರ್ಸ್, 1922ರಲ್ಲಿ ರೂಪಿಸಿದ್ದು. ಸಿಲಿಂಡರಿನ ಸಣ್ಣ ಉರಿ ಅಮೋನಿಯಾ ದ್ರಾವಣವನ್ನು ಕುದಿಸುತ್ತದೆ, ಆವಿ ತಣಿದು ಇಳಿದು ಮತ್ತೆ ಆವಿಯಾಗುವಾಗ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೋಟರಿಲ್ಲ, ತಿರುಗುವ ಭಾಗವೇ ಇಲ್ಲ, ಸವೆಯಲು ಏನೂ ಇಲ್ಲ! ಗಾಡಿ ಮಾತ್ರ ಮಟ್ಟಸವಾಗಿರಬೇಕು, ಇಲ್ಲದಿದ್ದರೆ ದ್ರವ ಒಂದೆಡೆ ನಿಂತುಬಿಡುತ್ತದೆ. ನಿಲ್ಲಿಸಿದ ಕೂಡಲೇ ಜನ ಗಾಲಿಯ ಕೆಳಗೆ ಹಲಗೆ ತುರುಕುವುದು ಅದಕ್ಕೇ. ಎರಡನೆಯದು, ತಳದಲ್ಲಿರುವ ಮೂರು ಟ್ಯಾಂಕು: ಒಳ್ಳೆಯ ನೀರಿಗೆ ಒಂದು, ಬಚ್ಚಲ ನೀರಿಗೆ ‘ಗ್ರೇ’, ಪಾಯಿಖಾನೆಗೆ ‘ಬ್ಲ್ಯಾಕ್’. ಟೈಸನ್ನನ ಕಾಲದಲ್ಲಿ ಜನ ಬಾವಿಯ ಬಳಿ ಬಂದು ಇಳಿಯುತ್ತಿದ್ದರು. ಈಗ ಬಾವಿಯನ್ನೂ ಬಚ್ಚಲನ್ನೂ ಗಾಡಿಗೆ ಬಿಗಿದುಕೊಂಡು ಬಂದಿದ್ದಾರೆ.

ಬಂದವರು ಲೆಕ್ಕವಿಲ್ಲದಷ್ಟು. 1967ರಲ್ಲಿ ಊರಿನ ಸುಧಾರಣಾ ಸಂಘ ‘ಪೌ ವೌ’ ಎಂಬ ಕಲ್ಲು-ಖನಿಜಗಳ ಸಂತೆ ಶುರು ಮಾಡಿತು. ಕಲ್ಲು ಮಾರುವವರು ಚಳಿಗಾಲದ ವಲಸಿಗರನ್ನು ಕರೆದರು, ವಲಸಿಗರು ತಮ್ಮ ನೆಂಟರನ್ನು ಕರೆದರು. ಮಿನೆಸೋಟಾ, ಅಲ್ಬರ್ಟಾ, ಸಸ್ಕಾಚೆವಾನ್‌ಗಳ ನಿವೃತ್ತರು ಹಿಮ ಬಿಟ್ಟು ಬಂದು ತಿಂಗಳುಗಟ್ಟಲೆ ತಳವೂರಿದರು. ಸುತ್ತಲಿನ ನೆಲ ಬಹುಪಾಲು ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯದು. ಅಲ್ಲಿ ಸಾಮಾನ್ಯ ನಿಯಮದಂತೆ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ಇರುವಂತಿಲ್ಲ. ಇಷ್ಟು ಜನರನ್ನು ಎಬ್ಬಿಸುವುದು ಆಗದ ಮಾತು. ಕೊಳೆಯನ್ನು ಎಲ್ಲೆಂದರಲ್ಲಿ ಸುರಿಯಲು ಬಿಡುವುದೂ ಆಗದು. 1983ರಲ್ಲಿ ಇಲಾಖೆ ದೀರ್ಘಕಾಲದ ಬಿಡಾರಕ್ಕೆಂದೇ ಬಯಲುಗಳನ್ನು ಗುರುತಿಸಿತು. ಊರಿನ ದಕ್ಷಿಣದ ಲಾ ಪೋಸಾ ಅದರಲ್ಲೊಂದು, ಹನ್ನೊಂದು ಸಾವಿರ ಎಕರೆ ಮೀರಿದ ಬಯಲು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಚೀಟಿಗೆ ಬಹುಕಾಲ 180 ಡಾಲರ್ ಇತ್ತು. ಕೊಡುವುದು ಕಸದ ಡಬ್ಬಿ, ಒಂದು ಕಡೆ ನೀರಿನ ನಲ್ಲಿ, ಟ್ಯಾಂಕು ಖಾಲಿ ಮಾಡುವ ಡಂಪ್ ಸ್ಟೇಷನ್. ಸರ್ಕಾರವೊಂದು ಜನರನ್ನು ಓಡಿಸುವ ಬದಲು ನಲ್ಲಿ ಹಾಕಿಕೊಟ್ಟದ್ದನ್ನು ನಾನು ಜಾಣತನ ಎನ್ನುತ್ತೇನೆ.

ಫೀನಿಕ್ಸ್ ಬಳಿಯ ಚಾಂಡ್ಲರ್‌ನಲ್ಲಿರುವ ಮಗ ಬಾಡಿಗೆಗೆ ತಂದ ಆರ್‌ವಿಯಲ್ಲಿ ಜನವರಿಯಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ನೀರಿನ ಟ್ಯಾಂಕು ಸುಮಾರು 150 ಲೀಟರ್. ಮಗ ಪ್ಯಾನೆಲ್ಲಿನ ದೀಪ ನೋಡಿ ಬೆಳಿಗ್ಗೆ ಬೆಳಿಗ್ಗೆಯೇ ಗಾಬರಿ: “ಅಪ್ಪಾ, ನೀರು ಅರ್ಧಕ್ಕ ಬಂತು!” ಒಳಗಿನಿಂದ ನನ್ನ ಹೆಂಡತಿ, “ಇಷ್ಟ ನೀರಿನ್ಯಾಗ ನಾ ಇನ್ನೂ ಎರಡ ದಿನಾ ತಗೀತೀನಿ, ಸುಮ್ನ ಚಹಾ ಕುಡೀರಿ.” ವಾರಕ್ಕೊಮ್ಮೆ ನಲ್ಲಿ ಬರುವ ಹುಬ್ಬಳ್ಳಿಯಲ್ಲಿ ಸಂಸಾರ ಮಾಡಿದವಳು. ಪಾತ್ರೆ ಮೊದಲು ಕಾಗದದಿಂದ ಒರೆಸಿ, ಆಮೇಲೆ ಒಂದು ಚೊಂಬಿನಲ್ಲಿ ತೊಳೆದು, ಆ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾಯಿಖಾನೆಗೆ ಹಾಕುತ್ತಿದ್ದಳು. ಅಲ್ಲಿಯ ಹಳಬರು ಮಾಡುವುದೂ ಇದನ್ನೇ.

ಕ್ವಾರ್ಟ್ಸ್‌ಸೈಟ್‌ನ ಈಶಾನ್ಯಕ್ಕೆ, ಬೌಸ್ ಎಂಬ ಊರಿನ ಬಳಿ, ಅದೇ ಕೊಲರಾಡೊ ನೀರು ಸಿಮೆಂಟ್ ಕಾಲುವೆಯಲ್ಲಿ ಫೀನಿಕ್ಸ್, ಟೂಸಾನ್ ಕಡೆಗೆ ಹೋಗುತ್ತದೆ. 336 ಮೈಲಿಯ ಕಾಲುವೆ, 1973ರಲ್ಲಿ ಶುರುವಾಗಿ ಮುಗಿಯಲು ಇಪ್ಪತ್ತು ವರ್ಷ. 2022ರಲ್ಲಿ ಹೊಳೆಯಲ್ಲಿ ನೀರಿಲ್ಲವೆಂದು ಅರಿಜೋನಾದ ಪಾಲು ಕಡಿತವಾಯಿತು. ಚಾಂಡ್ಲರ್‌ನ ಮನೆಗಳ ಹುಲ್ಲಿಗೂ ಈ ಕಾಲುವೆಯ ಪಾಲಿದೆ ಎಂದು ಹೆಂಡತಿಗೆ ಹೇಳಿದೆ. ಅವಳು ಮಗನ ಮುಖ ನೋಡಿದಳು.

ಲಾ ಪೋಸಾ ಬಯಲಿನಲ್ಲಿದ್ದವರೆಲ್ಲ ಮೋಜಿಗೆ ಬಂದವರಲ್ಲ. 2008ರ ಕುಸಿತದ ನಂತರ ಬಾಡಿಗೆ ಕಟ್ಟಲಾಗದೆ ವ್ಯಾನನ್ನೇ ಮನೆ ಮಾಡಿಕೊಂಡ ಹಿರಿಯರು ಇಲ್ಲಿಗೆ ಬರತೊಡಗಿದರು. ಬಾಬ್ ವೆಲ್ಸ್ ಎಂಬುವನು ಅವರಿಗಾಗಿ ಚಳಿಗಾಲದ ಕೂಟವನ್ನೇ ಕಟ್ಟಿದ. ಜೆಸಿಕಾ ಬ್ರೂಡರ್ 2017ರಲ್ಲಿ ಬರೆದ ‘ನೋಮ್ಯಾಡ್‌ಲ್ಯಾಂಡ್’ ಅವರ ಕುರಿತದ್ದು, ಅದರಿಂದ ಸಿನಿಮಾವೂ ಆಯಿತು. ಡಂಪ್ ಸ್ಟೇಷನ್ನಿನ ಸರದಿಯಲ್ಲಿ ನಮ್ಮ ಮುಂದಿದ್ದ ಹೆಂಗಸು ಅಂಥವರಲ್ಲೊಬ್ಬಳು. ಪೈಪು ಜೋಡಿಸುವುದನ್ನು ನನಗೆ ಕಲಿಸಿದವಳು ಅವಳೇ: ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ, ಬಚ್ಚಲ ನೀರು ಪೈಪನ್ನು ತಾನೇ ತೊಳೆಯುತ್ತದೆ. ಬೇಸಿಗೆಯಲ್ಲಿ ಎಲ್ಲಿರುತ್ತೀರಿ ಎಂದೆ. ಏಪ್ರಿಲ್ ಮುಗಿಯುವುದರೊಳಗೆ ಫ್ಲ್ಯಾಗ್‌ಸ್ಟಾಫ್‌ನ ಪೈನ್ ಕಾಡು, ಆಮೇಲೆ ಇನ್ನೂ ಮೇಲಕ್ಕೆ. ಊರು ಯಾವುದು ಎಂದು ಹೆಂಡತಿ ಕೇಳಿಸಿದಳು. ಆ ಹೆಂಗಸು ಲೈಸೆನ್ಸ್ ತೆಗೆದು ತೋರಿಸಿದಳು: ಸೌತ್ ಡಕೋಟಾ. ಒಂದು ರಾತ್ರಿ ತಂಗಿದ ರಸೀದಿ, ಒಂದು ಬಾಡಿಗೆಯ ಟಪಾಲು ಪೆಟ್ಟಿಗೆ ಇದ್ದರೆ ಆ ರಾಜ್ಯ ಅಲೆಮಾರಿಗಳಿಗೆ ವಿಳಾಸ ಕೊಡುತ್ತದಂತೆ. ಆ ಒಂದು ರಾತ್ರಿಯ ಮೇಲೆ ತಾನು ಅಲ್ಲಿಗೆ ಹೋಗಿಲ್ಲ ಎಂದು ಹೇಳಿ, ಪೈಪು ಸುತ್ತಿಕೊಂಡು, ನಲ್ಲಿಯ ಸಾಲಿಗೆ ವ್ಯಾನು ತಿರುಗಿಸಿದಳು.