ಹರಳೆಣ್ಣೆ

ಹರಳು ಗಿಡದ ಬೀಜದಿಂದ ತೆಗೆಯುವ ತಿಳಿಹಳದಿ ಬಣ್ಣದ ಮಂದ ಎಣ್ಣೆ. ಉತ್ತರ ಕರ್ನಾಟಕದಲ್ಲಿ ಔಡಲ ಎಣ್ಣೆ ಎನ್ನುತ್ತಾರೆ. ಗಿಡದ ಶಾಸ್ತ್ರೀಯ ಹೆಸರು ರಿಸಿನಸ್ ಕಮ್ಯುನಿಸ್. ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ. ಹಳೆ ಮೈಸೂರು ಸೀಮೆಯ ರಾಗಿ ಹೊಲಗಳಲ್ಲಿ ಅವರೆ, ತೊಗರಿಗಳ ಜೊತೆ ಅಕ್ಕಡಿ ಬೆಳೆಯಾಗಿ ಹರಳು ಹಾಕುವ ಪದ್ಧತಿಯಿದೆ.

ರಚನೆ ಮತ್ತು ಗುಣ: ಕಡಲೆಕಾಯಿ, ಎಳ್ಳು, ಸೂರ್ಯಕಾಂತಿ ಎಣ್ಣೆಗಳಂತೆ ಇದೂ ಗ್ಲಿಸರಾಲ್ ಮತ್ತು ಕೊಬ್ಬಿನಾಮ್ಲಗಳು ಕೂಡಿ ಆದದ್ದು. ವ್ಯತ್ಯಾಸವಿರುವುದು ಆಮ್ಲದಲ್ಲಿ. ಇದರ ಕೊಬ್ಬಿನಾಮ್ಲಗಳ ಪೈಕಿ ಶೇ. 85ರಿಂದ 90ರಷ್ಟು ರಿಸಿನೋಲಿಕ್ ಆಮ್ಲ. 18 ಇಂಗಾಲದ ಪರಮಾಣುಗಳ ಈ ಸರಪಳಿಯಲ್ಲಿ 9 ಮತ್ತು 10ನೆಯ ಇಂಗಾಲಗಳ ನಡುವೆ ದ್ವಿಬಂಧವಿದೆ; 12ನೆಯದರ ಮೇಲೆ ಒಂದು ಹೈಡ್ರಾಕ್ಸಿಲ್ ಗುಂಪು ಕೂತಿದೆ. ನಾವು ದಿನಬಳಕೆಯಲ್ಲಿ ಕಾಣುವ ಬೇರಾವ ಎಣ್ಣೆಯಲ್ಲೂ ಈ ಗುಂಪು ಇಷ್ಟು ಪ್ರಮಾಣದಲ್ಲಿಲ್ಲ. ಹರಳೆಣ್ಣೆಯ ಹೆಚ್ಚುಗಾರಿಕೆಯೆಲ್ಲ ಬಹುಮಟ್ಟಿಗೆ ಇದರಿಂದಲೇ ಬಂದದ್ದು. ಹೈಡ್ರಾಕ್ಸಿಲ್ ಗುಂಪುಗಳು ಹೈಡ್ರೋಜನ್ ಬಂಧದ ಮೂಲಕ ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಅಣುಗಳು ಸಲೀಸಾಗಿ ಜಾರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಡುಗೆ ಎಣ್ಣೆಗಳ ಸ್ನಿಗ್ಧತೆ ಸಾಮಾನ್ಯವಾಗಿ 30ರಿಂದ 40 ಸೆಂಟಿಸ್ಟೋಕ್. ಹರಳೆಣ್ಣೆಯದು ಸುಮಾರು 250. ಸಾಂದ್ರತೆ ಮಿಲಿಲೀಟರಿಗೆ 0.96 ಗ್ರಾಂ. ಶುದ್ಧ ಮದ್ಯಸಾರದಲ್ಲಿ ಪೂರ್ತಿ ಬೆರೆಯುತ್ತದೆ, ಪೆಟ್ರೋಲಿನಲ್ಲಿ ಸುಲಭಕ್ಕೆ ಬೆರೆಯದು. ಅಡುಗೆ ಎಣ್ಣೆಗಳ ನಡತೆ ಇದಕ್ಕೆ ತದ್ವಿರುದ್ಧ.

ಕೀಲೆಣ್ಣೆ: ಎತ್ತಿನ ಗಾಡಿಯ ಅಚ್ಚಿಗೆ ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಸವೆತ ತಡೆಯುವ ಇದೇ ಗುಣ ಮೊದಲ ಮಹಾಯುದ್ಧದ ವಿಮಾನಗಳಿಗೂ ಬೇಕಾಯಿತು. ಆಗಿನ ನೋಮ್, ಕ್ಲೆರ್ಜೆ ಮುಂತಾದ ರೋಟರಿ ಎಂಜಿನ್‌ಗಳಲ್ಲಿ ನಡುವಿನ ದಂಡ ವಿಮಾನದ ಚೌಕಟ್ಟಿಗೆ ಬಿಗಿದು ನಿಂತಿರುತ್ತಿತ್ತು. ಸಿಲಿಂಡರುಗಳೇ ಪ್ರೊಪೆಲ್ಲರ್ ಸಮೇತ ಗಿರಗಿರನೆ ಸುತ್ತುತ್ತಿದ್ದವು. ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಎಂಜಿನ್ನಿನ ಹೊಟ್ಟೆಯೊಳಗಿಂದಲೇ ಹಾದುಹೋಗಬೇಕಿತ್ತು. ಖನಿಜ ಎಣ್ಣೆ ಹಾಕಿದರೆ ಪೆಟ್ರೋಲು ಅದನ್ನು ಕರಗಿಸಿ ತೊಳೆದುಬಿಡುತ್ತಿತ್ತು. ಹರಳೆಣ್ಣೆ ಕರಗದೆ ಲೋಹಕ್ಕೆ ಅಂಟಿ ಉಳಿಯುತ್ತಿತ್ತು. ಬಳಸಿದ ಎಣ್ಣೆ ಮರಳಿ ತೊಟ್ಟಿಗೆ ಬಾರದೆ ಹೊಗೆಯಾಗಿ, ಹನಿಯಾಗಿ ಹೊರಗೆ ಸಿಡಿಯುತ್ತಿದ್ದುದರಿಂದ ಚಾಲಕರ ಮುಖ, ಕನ್ನಡಕಗಳೆಲ್ಲ ಎಣ್ಣೆಮಯವಾಗುತ್ತಿದ್ದವು. ಅದು ಬಾಯಿಗೆ ಸೇರಿ ಹೊಟ್ಟೆ ಕೆಡುತ್ತಿತ್ತೆಂಬ ಹೇಳಿಕೆಗಳೂ ಇವೆ. ಕ್ಯಾಸ್ಟ್ರಾಲ್ ಎಂಬ ಎಂಜಿನ್ ಎಣ್ಣೆಯ ಹೆಸರು 1909ರಲ್ಲಿ ಬಂದದ್ದು ಇಂಗ್ಲಿಷಿನಲ್ಲಿ ಹರಳೆಣ್ಣೆಗಿರುವ ಹೆಸರಿನಿಂದ.

ಮನೆಬಳಕೆ: ಹಳ್ಳಿಗಳಲ್ಲಿ ಹರಳನ್ನು ಹುರಿದು, ಒರಳಲ್ಲಿ ಕುಟ್ಟಿ, ನೀರು ಬೆರೆಸಿ ಕುದಿಸುತ್ತಾರೆ. ಮೇಲೆ ತೇಲುವ ಎಣ್ಣೆಯನ್ನು ಸೌಟಿನಲ್ಲಿ ಬಳಿದು ಬೇರೆ ಪಾತ್ರೆಗೆ ಹಾಕಿ, ಉಳಿದ ನೀರಿನ ಪಸೆ ಆರುವವರೆಗೆ ಕಾಯಿಸುತ್ತಾರೆ. ಈ ಕ್ರಮಕ್ಕೆ ರಸಾಯನಶಾಸ್ತ್ರದ ಬಲವಿದೆ. ಬೀಜದ ತಿರುಳಿನಲ್ಲಿ ರಿಸಿನ್ ಎಂಬ ಘೋರ ವಿಷದ ಪ್ರೋಟೀನಿದೆ. 1888ರಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಅದಕ್ಕೆ ಆ ಹೆಸರಿಟ್ಟ. ಅದು ಎಣ್ಣೆಯಲ್ಲಿ ಕರಗುವುದಿಲ್ಲ, ಕುದಿಸಿದರೆ ಕೆಡುತ್ತದೆ. ವಿಷ ಉಳಿದಿರಬಹುದಾದ್ದರಿಂದ ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಾರೆಯೇ ಹೊರತು ದನಕ್ಕೆ ಇಡುವುದಿಲ್ಲ.

ತೊಗರಿಬೇಳೆಗೆ ಹುಳು ಬೀಳದಂತೆ ಸವರುವುದು, ದೀಪದ ಮಸಿಯಿಂದ ಕಾಡಿಗೆ ಮಾಡುವುದು, ತಲೆಗೆ ಹಚ್ಚಿ ಸೀಗೆಪುಡಿಯಲ್ಲಿ ಉಜ್ಜಿ ತೊಳೆಯುವುದು ಇತರ ಬಳಕೆಗಳು.

ಔಷಧ: ಭೇದಿಯಾಗಲೆಂದು ಕೊಡುವುದು ಹಳೆಯ ರೂಢಿ. ಸಣ್ಣಕರುಳಿನಲ್ಲಿ ಬಿಡುಗಡೆಯಾಗುವ ರಿಸಿನೋಲಿಕ್ ಆಮ್ಲ ಕರುಳಿನ ಸ್ನಾಯುಗಳ ಮೇಲಿನ ಇಪಿ3 ಎಂಬ ಗ್ರಾಹಕವನ್ನು ಕೆರಳಿಸುತ್ತದೆಂದು 2012ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಅದೇ ಗ್ರಾಹಕ ಗರ್ಭಕೋಶದಲ್ಲೂ ಇರುವುದರಿಂದ ಬಸುರಿಯರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು.

ಕೈಗಾರಿಕೆ: ಬಟ್ಟೆಗೆ ಬಣ್ಣ ಹಾಕುವಲ್ಲಿ ಬಳಸುವ ಟರ್ಕಿ ರೆಡ್ ಎಣ್ಣೆ, ಸೆಬಾಸಿಕ್ ಆಮ್ಲ, ನೈಲಾನ್ 11 ಇವು ಹರಳೆಣ್ಣೆಯಿಂದ ಆಗುತ್ತವೆ. ಹರಳಿನ ಉತ್ಪಾದನೆಯಲ್ಲಿ ಭಾರತ ಜಗತ್ತಿಗೇ ಮೊದಲು. ಅದರ ಬಹುಪಾಲು ಗುಜರಾತಿನದು.