ಗಾಲಿಯೇ ವಾದ್ಯವಾದ ಬಗೆ

ದಿನನಿತ್ಯದ ದುಡಿಮೆ ಕುಣಿತವಾಗಬಲ್ಲುದೇ? 2009ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ನೃತ್ಯ ಸಂಯೋಜಕಿ ಆಲಿಸನ್ ಓರ್, ಕಸ ಸಾಗಿಸುವ ಕಾರ್ಮಿಕರನ್ನೂ ಅವರ ಲಾರಿಗಳನ್ನೂ ಸೇರಿಸಿ ಅಂಥದೊಂದು ಪ್ರಯೋಗ ನಡೆಸಿದರು.

ದುಡಿಮೆಯ ಸಾಧನವನ್ನು ಕುಣಿತಕ್ಕೆ ತರುವುದು ಕನ್ನಡ ನಾಡಿಗೆ ಹೊಸತೇನಲ್ಲ. ಹುಬ್ಬಳ್ಳಿ ತಾಲ್ಲೂಕಿನ ಬ್ಯಾಹಟ್ಟಿಯ ಜಗ್ಗಲಿಗೆ ಮೇಳ ಅದಕ್ಕೆ ಸಾಕ್ಷಿ. ರೈತನ ಚಕ್ಕಡಿ ಗಾಲಿಗೆ ಎಮ್ಮೆಯ ಚರ್ಮ ಬಿಗಿದರೆ ಜಗ್ಗಲಿಗೆ ಸಿದ್ಧ. ಹೋಳಿ, ಯುಗಾದಿಗಳಲ್ಲಿ ಸುಮಾರು 15 ಮಂದಿ ಈ ಭಾರಿ ವಾದ್ಯಗಳನ್ನು ಉರುಳಿಸುತ್ತ, ಬಾರಿಸುತ್ತ ಮೆರವಣಿಗೆ ಹೊರಡುತ್ತಾರೆ. ಕರುವಿನ ಚರ್ಮ ಹೊದಿಸಿದ, ಮಣ್ಣಿನ ಪುಟ್ಟ ಕಣಿಹಲಗಿಯ ಪೆಟ್ಟೇ ಎಲ್ಲರಿಗೂ ಅಪ್ಪಣೆ.

ಟ್ರ್ಯಾಕ್ಟರ್ ಬಂದ ಮೇಲೆ ಚಕ್ಕಡಿಗಳು ಹಿತ್ತಲು ಸೇರುತ್ತಿವೆ. ಅವನ್ನು ಹೊಡೆದು ಬದುಕಿದವರ ನೆನಪನ್ನು ಇಂಥ ಮೇಳಗಳೇ ಇನ್ನು ಕಾಯಬೇಕು.